ಇದಿರು ಅರ್ಥ: ಕತೆಯೊಳಗೆ ಕೆಟ್ಟವನನ್ನು ಕಟ್ಟುವ ಬಗೆ

ನನ್ನ ಮೊದಲ ಕತೆಯ ಖಳ ಒಬ್ಬ ಬಡ್ಡಿ ವ್ಯಾಪಾರಿ. ಎರಡು ಕೈಗೆ ಸೇರಿ ಆರು ಉಂಗುರ, ಬಾಯಲ್ಲಿ ಬೀಡಿ, ಮಾತಿಗೊಂದು ಬೈಗಳು. ಬರೆದು ಮುಗಿಸಿದ ಸಂಜೆಯೇ ನೆರೆಮನೆಯ ಅಜ್ಜರಿಗೆ ಓದಿ ಹೇಳಿದೆ. ನಲವತ್ತು ವರ್ಷ ಉಡುಪಿಯ ಸುತ್ತುಮುತ್ತ ತಾಳಮದ್ದಲೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳಿದವರು ಅವರು. ಪೂರ್ತಿ ಕೇಳಿ, ಎಲೆಯಡಿಕೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡು, "ಎಲ್ಲ ಸರಿ ಮಾರಾಯ. ಆದರೆ ಈ ಪಾತ್ರ ನನಗೆ ಕೊಟ್ಟರೆ ನಾನು ಎಂತ ಅರ್ಥ ಹೇಳುವುದು? ಇವನಿಗೆ ಹೇಳಲಿಕ್ಕೆ ಏನೂ ಇಲ್ಲವಲ್ಲ" ಅಂದರು.

ಆಗ ಸಿಟ್ಟು ಬಂದಿತ್ತು. ಈಗ ಕತೆ ಬರೆಯಲು ಹೊರಟವರು ಯಾರಾದರೂ ಕೇಳಿದರೆ ನಾನೂ ಅದೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ತಾಳಮದ್ದಲೆ ಯಕ್ಷಗಾನದ್ದೇ ಮಾತಿನ ರೂಪ, ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಕುಳಿತವರು ಆ ಪದಕ್ಕೆ ಆ ಕ್ಷಣದಲ್ಲೇ ಮಾತು ಕಟ್ಟುತ್ತಾರೆ. ಅಲ್ಲಿ ಎದುರು ಪಾತ್ರದವನನ್ನು ಖಳ ಅನ್ನುವುದಕ್ಕಿಂತ 'ಇದಿರು' ಅನ್ನುವುದೇ ರೂಢಿ. ಇವತ್ತು ರಾಮನಿಗೆ ಅರ್ಥ ಹೇಳಿದವರು ನಾಳೆ ವಾಲಿಗೆ ಹೇಳಬೇಕಾದೀತು. ಪ್ರಸಂಗದಲ್ಲಿ ವಾಲಿ ಸಾಯುವುದು ಖಚಿತ, ಅದನ್ನು ಯಾರೂ ತಪ್ಪಿಸುವಂತಿಲ್ಲ. ಆದರೆ ಸಾಯುವವರೆಗೂ ಮಾತಿನಲ್ಲಿ ಅವನು ಸೋಲಬೇಕಾಗಿಲ್ಲ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣ, ವಾಲಿ, ಮಾಗಧ (ಜರಾಸಂಧ) ಪಾತ್ರಗಳಿಗೆ ಹೆಸರಾದದ್ದು ಇದೇ ಕಾರಣಕ್ಕೆ. ನೀವು ಬರೆಯುವ ಕೆಟ್ಟವನಿಗೆ ನೀವು ವಕೀಲರಾಗಬೇಕು, ತೀರ್ಪುಗಾರರಲ್ಲ. ಕನಿಕರದ ನೆಂಟರಾಗುವುದಂತೂ ಬೇಡವೇ ಬೇಡ.

ಇನ್ನು ಕೆಲಸಕ್ಕೆ ಇಳಿಯೋಣ. ಉದಾಹರಣೆಗೆ ಒಬ್ಬ ಪಾತ್ರವನ್ನು ನಿಮ್ಮ ಎದುರೇ ಕಟ್ಟುತ್ತಾ ಹೋಗುತ್ತೇನೆ. ಹೆಸರು ಸುಧಾಕರ, ಕಲ್ಪನೆಯವನು. ಮಲ್ಪೆ ಬಂದರಿನ ಸುತ್ತ ಸಹಕಾರಿ ಸೊಸೈಟಿಯೊಂದಕ್ಕೆ ಪಿಗ್ಮಿ ಸಂಗ್ರಹಿಸುವ ಏಜೆಂಟ್. ಪಿಗ್ಮಿ ಉಡುಪಿಯ ಮಣ್ಣಿನಲ್ಲೇ ಹುಟ್ಟಿದ ಯೋಜನೆ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಉಳಿತಾಯ ಸಂಗ್ರಹಿಸಲು ಶುರು ಮಾಡಿದರು. ಬಡವರ ಚಿಲ್ಲರೆಯನ್ನು ನಂಬಿಕೆಯ ಮೇಲೆ ಒಯ್ಯುವ ಕೆಲಸ ಅದು. ನಂಬಿಕೆ ಎಷ್ಟು ಗಟ್ಟಿಯೋ ಅದು ಮುರಿದಾಗ ಕತೆಯೂ ಅಷ್ಟೇ ಗಟ್ಟಿ. ಅದಕ್ಕೇ ಈ ಉದ್ಯೋಗ ಆರಿಸಿದೆ.

ಮೊದಲು: ನಿಮ್ಮ ಕತೆಯಲ್ಲಿ ಕೆಡುಕು ಎಲ್ಲಿಂದ ಬರುತ್ತದೆ?

ಪಾತ್ರಕ್ಕೆ ಹೆಸರಿಡುವ ಮೊದಲೇ ಇದನ್ನು ತೀರ್ಮಾನಿಸಿ. ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ಕತೆ ಒಂದು ಹೇಳುತ್ತದೆ, ನೀವು ಇನ್ನೊಂದು ಹೇಳುತ್ತೀರಿ. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ಜಿಲ್ಲೆಗಳಲ್ಲೇ ಕನಿಷ್ಠ ಮೂರು ಸಿಗುತ್ತವೆ.

ಉಡುಪಿಯ ರಥಬೀದಿಯಲ್ಲಿ ನಿಂತರೆ ಒಂದು ಉತ್ತರ. 13ನೇ ಶತಮಾನದ ಮಧ್ವಾಚಾರ್ಯರು ಜೀವರಲ್ಲಿ ಸ್ವಭಾವದಿಂದಲೇ ಮೂರು ಬಗೆ ಎಂದರು: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ತಮೋಯೋಗ್ಯನ ಕೆಡುಕು ಹೊರಗಿನಿಂದ ಅಂಟಿದ್ದಲ್ಲ, ಅವನ ಸ್ವರೂಪವೇ ಅದು. ಕತೆಗಾರನಿಗೆ ಇದು ಕಷ್ಟದ ಹಾದಿ, ಏಕೆಂದರೆ ಹೀಗೆ ಹುಟ್ಟಿದವನು ಕತೆಯಲ್ಲಿ ಬದಲಾಗಲಾರ. ಹಾಗಂತ ಕೈಬಿಡಬೇಕಾಗಿಯೂ ಇಲ್ಲ. ಬದಲಾಗದವನ ಸುತ್ತ ಇರುವವರು ಬದಲಾಗುವ ಕತೆ ಬರೆಯಬಹುದು.

ಕಾರ್ಕಳ, ಮೂಡುಬಿದಿರೆಯ ಕಡೆ ಹೋದರೆ ಇನ್ನೊಂದು. ಜೈನ ರಾಮಾಯಣದ ರಾವಣ ಹತ್ತು ತಲೆಯ ರಾಕ್ಷಸನಲ್ಲ, ವಿದ್ಯಾಧರ ಕುಲದವನು, ಪ್ರತಿವಾಸುದೇವ, ಅಂದರೆ ವಾಸುದೇವನೆನಿಸಿದ ವೀರನ ಎದುರಾಳಿ. ಅವನನ್ನು ಕೊಲ್ಲುವುದೂ ರಾಮನಲ್ಲ, ಲಕ್ಷ್ಮಣ. ಕರ್ಮ ಕಟ್ಟಿಕೊಂಡವನು ಅದನ್ನು ಅನುಭವಿಸಿ, ಜನ್ಮಾಂತರದಲ್ಲಿ ಕಳೆದುಕೊಳ್ಳುವ ದಾರಿ ಅವನಿಗೂ ತೆರೆದಿದೆ. ಇಲ್ಲಿ ಕೆಡುಕು ಎಂದರೆ ಬಿದ್ದ ಹಳ್ಳ, ಹುಟ್ಟಿದ ಮನೆಯಲ್ಲ.

ಮೂರನೆಯದು ತುಳುವಿನ ಜನಪದ ಹಾಡುಗತೆಯಾದ ಪಾಡ್ದನದ್ದು, ನನಗೆ ತೀರಾ ಹತ್ತಿರದ್ದು. ಕಾರ್ಕಳದ ಬಾಹುಬಲಿ 1432ರಲ್ಲಿ ನಿಂತ, ಸುಮಾರು 42 ಅಡಿಯ ಏಕಶಿಲೆ. ಪಾಡ್ದನ ಹೇಳುವಂತೆ ಅಂಥ ಮೂರ್ತಿ ಕಡೆದ ಬೀರ ಕಲ್ಕುಡನ ಎಡಗೈಯನ್ನೂ ಬಲಗಾಲನ್ನೂ ಅರಸ ಕಡಿಸುತ್ತಾನೆ, ಇಂಥದ್ದು ಇನ್ನೊಂದು ಊರಿನಲ್ಲಿ ಏಳಬಾರದೆಂದು. ಒಂದು ಕ್ಷಣ ಅರಸನ ಜಾಗದಲ್ಲಿ ನಿಂತು ನೋಡಿ. ಅವನಿಗೆ ಆ ಮೂರ್ತಿ ಇಷ್ಟವಾಗದೇ ಇದ್ದಿದ್ದರೆ ಕಲ್ಕುಡನ ಕೈ ಉಳಿಯುತ್ತಿತ್ತು. ಚೆಂದವನ್ನು ಕಂಡು ಮನಸೋತವನೇ ಕತ್ತಿ ಎತ್ತಿದ್ದು. ಒಳ್ಳೆಯದೊಂದರ ಸುತ್ತ ಬೇಲಿ ಹಾಕಿ 'ಇದು ನನಗೆ ಮಾತ್ರ' ಅಂದಾಗ ಹುಟ್ಟುವ ಕೆಡುಕು ಇದು. ನನ್ನ ಅನುಭವದಲ್ಲಿ ಕತೆಗೆ ಇದರಷ್ಟು ಫಲವತ್ತಾದ ನೆಲ ಬೇರೆ ಇಲ್ಲ. ಸುಧಾಕರನನ್ನೂ ಇಲ್ಲೇ ನೆಡುತ್ತೇನೆ.

ಎರಡು: ಆಸಾಮಿಯನ್ನಲ್ಲ, ಕೃತ್ಯವನ್ನು ಮೊದಲು ಬರೆಯಿರಿ

'ಸುಧಾಕರ ಲೋಭಿ' ಎಂದು ಬರೆದಿಟ್ಟರೆ ಮುಂದೆ ಬರೆಯಲು ಏನೂ ಉಳಿಯುವುದಿಲ್ಲ. 'ಸುಧಾಕರ ಇಂಥ ದಿನ ಇಂಥದ್ದು ಮಾಡಿದ' ಎಂದು ಒಂದೇ ವಾಕ್ಯ ಬರೆಯಿರಿ. ನನ್ನದು ಹೀಗೆ: ಮೀನು ಮಾರುವ ಗುಲಾಬಿಯಕ್ಕನ ಕೈಯಿಂದ ನೂರು ರೂಪಾಯಿ ಪಡೆದು ಅವಳ ಕಾರ್ಡಿನಲ್ಲಿ ಬರೆದ, ಸಂಜೆ ಸೊಸೈಟಿಗೆ ಕಟ್ಟಲಿಲ್ಲ.

ಕೃತ್ಯ ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು. ಕೊಲೆಯಿಂದ ಶುರು ಮಾಡಿದರೆ ಓದುಗ ಹೊರಗೆ ನಿಂತು ನೋಡುತ್ತಾನೆ. ನೂರು ರೂಪಾಯಿಯಿಂದ ಶುರು ಮಾಡಿದರೆ ತನ್ನ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ.

ಮೂರು: ಯಾರಿಗೂ ಹೇಳಲಾಗದ ತೊಂದರೆಯೊಂದು ಕೊಡಿ

ಅಮೆರಿಕದ ಸಮಾಜಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ, ನಂಬಿಕೆಯ ಹಣ ತಿಂದು ಜೈಲು ಸೇರಿದವರನ್ನು ಕೂರಿಸಿ ಮಾತಾಡಿಸಿ 1953ರಲ್ಲಿ ತಾನು ಕಂಡದ್ದನ್ನು ಪ್ರಕಟಿಸಿದ. ಬಡತನವೊಂದೇ ಅವರನ್ನು ಕಳ್ಳರನ್ನಾಗಿ ಮಾಡಿದ್ದಲ್ಲ. ಮೂರು ಸಂಗತಿ ಕೂಡಿ ಬರಬೇಕು: ಇನ್ನೊಬ್ಬರ ಬಳಿ ಹೇಳಿಕೊಳ್ಳಲಾಗದ ಹಣದ ತೊಂದರೆ, ಕೈಗೆಟುಕುವ ಅವಕಾಶ, ಮತ್ತು 'ಇದು ಕದಿಯುವುದಲ್ಲ' ಎಂದು ತನಗೆ ತಾನೇ ಹೇಳಿಕೊಳ್ಳುವ ಮಾತು.

ಮೊದಲನೆಯದರ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ಮಗಳ ಕಾಯಿಲೆ, ತಾಯಿಯ ಆಪರೇಷನ್ ಎಂದೆಲ್ಲ ಕೊಟ್ಟರೆ ಆ ತೊಂದರೆಯನ್ನು ಊರಿಗೆಲ್ಲ ಹೇಳಬಹುದು, ಊರು ಕೈ ನೀಡಲೂಬಹುದು. ಹೇಳಿಕೊಳ್ಳಲಾಗದ್ದು ಬೇರೆ. ನಾನು ಸುಧಾಕರನಿಗೆ ಕೊಟ್ಟದ್ದು ಒಂದು ಬ್ರಹ್ಮಕಲಶ, ಜೀರ್ಣೋದ್ಧಾರವಾದ ದೇವಸ್ಥಾನದ ದೊಡ್ಡ ಉತ್ಸವ. ಊರ ದೇವಸ್ಥಾನದ ಸಭೆಯಲ್ಲಿ, ಎಲ್ಲರೂ ಒಂದೊಂದು ಮೊತ್ತ ಕೂಗುತ್ತಿದ್ದಾಗ, ಅವನೂ ತೀರಿಹೋದ ಅಪ್ಪನ ಹೆಸರಿನಲ್ಲಿ 50,000 ಎಂದು ಕೂಗಿಬಿಟ್ಟ. ಯಾರೂ ಒತ್ತಾಯ ಮಾಡಿರಲಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಅಪ್ಪನ ಹೆಸರು ಅಚ್ಚಾಯಿತು, ಪೇಟೆಯಲ್ಲಿ ಫ್ಲೆಕ್ಸ್ ಬಿತ್ತು. ಅದೇ ಅಪ್ಪ ಹಿಂದೆ ಅದೇ ದೇವಸ್ಥಾನದ ಅಂಗಳದ ಕೊನೆಯಲ್ಲಿ ನಿಂತು ಊಟದ ಕರೆಗೆ ಕಾಯುತ್ತಿದ್ದುದನ್ನು ಸುಧಾಕರ ಕಂಡವನು. 'ನನ್ನ ಹತ್ತಿರ ಇಲ್ಲ' ಎಂದು ಈಗ ಯಾರ ಬಳಿ ಹೇಳುವುದು? ಹೆಂಡತಿಯ ಬಳಿಯೂ ಆಗದು. ಗಮನಿಸಿ, ಇಲ್ಲಿ ಪ್ರೀತಿ ಉಂಟು, ಭಕ್ತಿ ಉಂಟು, ಹಳೆಯ ಅವಮಾನ ಉಂಟು. ಕಳ್ಳತನಕ್ಕೆ ಬೇಕಾದ ಎಲ್ಲವೂ ಒಳ್ಳೆಯ ಮನೆಯಿಂದಲೇ ಬಂದಿದೆ.

ಒಂದು ಎಚ್ಚರಿಕೆ. ಬಾಲ್ಯದ ಗಾಯವನ್ನು ಮದ್ದಿನ ಬಾಟಲಿಯ ಹಾಗೆ ಬಳಸಬೇಡಿ, ಒಂದು ಚಮಚ ಅವಮಾನ ಹಾಕಿದರೆ ಒಬ್ಬ ಖಳ ತಯಾರು ಎಂಬಂತೆ. ಅದೇ ಅಂಗಳದ ಕೊನೆಯಲ್ಲಿ ನಿಂತ ಬೇರೆ ಹತ್ತು ಮಂದಿಯ ಮಕ್ಕಳು ಕದಿಯಲಿಲ್ಲ. ಅವಮಾನ ಅವನ ದಾರಿ ತೋರಿಸುತ್ತದೆ, ನಡೆದದ್ದು ಅವನೇ.

ನಾಲ್ಕು: ಐದು ನೆವಗಳನ್ನು ಅವನ ಬಾಯಿಗೆ ಹಾಕಿ

ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಟ್ಜಾ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1957ರಲ್ಲಿ, ತಪ್ಪು ದಾರಿ ಹಿಡಿದ ಹುಡುಗರ ಬಗ್ಗೆ ಬರೆಯುತ್ತಾ, ತಪ್ಪು ಮಾಡುವವರು ಸರಿ-ತಪ್ಪು ಗೊತ್ತಿಲ್ಲದವರಲ್ಲ, ಗೊತ್ತಿದ್ದೂ ಅದನ್ನು ಐದು ಬಗೆಯಲ್ಲಿ ಮೌನಗೊಳಿಸುತ್ತಾರೆ ಎಂದರು. ನಾನು ಯಾವ ಖಳನನ್ನು ಬರೆದರೂ ಈ ಐದನ್ನು ಒಂದು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸುತ್ತೇನೆ. ಶಾಸ್ತ್ರದ ಭಾಷೆಯಲ್ಲಲ್ಲ, ಪಾತ್ರದ ಮಾತಿನಲ್ಲಿ.

ಹೊಣೆ ನನ್ನದಲ್ಲ ಎನ್ನುವುದು: "ಈ ಕಮಿಷನ್‌ನಲ್ಲಿ ಸ್ಕೂಟರಿನ ಪೆಟ್ರೋಲಿಗೂ ಸಾಲುವುದಿಲ್ಲ. ಸರಿಯಾಗಿ ಕೊಟ್ಟಿದ್ದರೆ ನಾನ್ಯಾಕೆ ಕೈ ಹಾಕ್ತಿದ್ದೆ?"

ಯಾರಿಗೂ ನಷ್ಟವಾಗಿಲ್ಲ ಎನ್ನುವುದು: "ತೆಗೆದದ್ದಲ್ಲ, ತಿರುಗಿಸಿದ್ದು. ಮೇ ತಿಂಗಳೊಳಗೆ ಸರಿ ಮಾಡ್ತೇನೆ."

ಅವರಿಗೆ ಹಾಗೇ ಆಗಬೇಕಿತ್ತು ಎನ್ನುವುದು: "ಗುಲಾಬಿಯಕ್ಕನ ಮಗನ ಕೈಗೆ ಸಿಕ್ಕಿದ್ದರೆ ಬಾರಿಗೆ ಹೋಗ್ತಿತ್ತು. ನನ್ನ ಹತ್ತಿರ ಇರುವುದೇ ಲಾಯಕ್ಕು."

ಕೇಳುವವರು ಯಾವ ಸಾಚಾಗಳು ಎನ್ನುವುದು: "ಕೋಟಿಗಟ್ಟಲೆ ಮುಳುಗಿಸಿದವರಿಗೆ ಸ್ಟೇಜಿನಲ್ಲಿ ಶಾಲು ಹೊದಿಸ್ತಾರೆ, ನನ್ನ ಲೆಕ್ಕ ಕೇಳ್ಲಿಕ್ಕೆ ಬರ್ತಾರಾ?"

ಇದಕ್ಕಿಂತ ದೊಡ್ಡದೊಂದು ಇತ್ತು ಎನ್ನುವುದು: "ದುಡ್ಡು ನಾನು ತಿಂದಿಲ್ಲ. ದೇವರ ಮಾಡಿಗೆ ಹೋಗಿದೆ."

ಐದನೆಯದು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅದು ನಿಜ. ನಿಜವಾದ ನೆವ ಒಂದಾದರೂ ಇರಬೇಕು. ಐದನ್ನೂ ಒಂದೇ ದೃಶ್ಯದಲ್ಲಿ ಸುರಿಯಬೇಡಿ. ಮೊದಲನೆಯದು ಆರಂಭದಲ್ಲಿ ಬರಲಿ, ಮೂರನೆಯದು ತಡವಾಗಿ ಬರಲಿ. ತಾನು ನೋಯಿಸಿದವರನ್ನೇ ಹಳಿಯಲು ಮನುಷ್ಯನಿಗೆ ಸ್ವಲ್ಪ ಸಮಯ ಬೇಕಾಗುತ್ತದೆ.

ಐದು: ತೆರೆಯ ಹಿಂದಿನ ಬೆಳಗು

ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ಯಕ್ಷಗಾನ ಆಟ ನೋಡಿದವರಿಗೆ ಬಣ್ಣದ ವೇಷದ ಒಡ್ಡೋಲಗ, ಅಂದರೆ ರಾಕ್ಷಸ ಪಾತ್ರದ ರಂಗಪ್ರವೇಶ, ಗೊತ್ತು. ಮುಖದ ತುಂಬ ಅಕ್ಕಿಹಿಟ್ಟು-ಸುಣ್ಣದ ಚುಟ್ಟಿ ಇಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಭಯಂಕರವಾಗಿ ಸಜ್ಜಾದ ರಾವಣ ರಂಗಕ್ಕೆ ಬಂದು ಮೊದಲು ಮಾಡುವುದೇನು? ಅಡ್ಡ ಹಿಡಿದ ತೆರೆಯ ಹಿಂದೆ ನಿದ್ದೆಯಿಂದ ಏಳುತ್ತಾನೆ, ಹಲ್ಲುಜ್ಜುತ್ತಾನೆ, ಮೀಯುತ್ತಾನೆ, ಕನ್ನಡಿ ನೋಡಿ ವಿಭೂತಿ ಇಟ್ಟುಕೊಳ್ಳುತ್ತಾನೆ, ಶಿವನಿಗೆ ಪೂಜೆ ಮಾಡುತ್ತಾನೆ. ಸಣ್ಣವನಿದ್ದಾಗ ಕಂಬಳಿ ಹೊದ್ದು ಕುಳಿತು ಇದನ್ನು ನೋಡಿ ನನಗೆ ಬೇಸರ ಬರುತ್ತಿತ್ತು, ಯುದ್ಧ ಯಾವಾಗ ಎಂದು. ಸೀತೆಯನ್ನು ಕದಿಯುವವನು ಹಲ್ಲೂ ಉಜ್ಜುತ್ತಾನೆ ಎಂಬುದನ್ನು ಆ ಕಲಾವಿದರು ಎಷ್ಟು ನಿಧಾನವಾಗಿ, ಎಷ್ಟು ಗೌರವದಿಂದ ತೋರಿಸುತ್ತಿದ್ದರು ಎಂದು ಹೊಳೆದದ್ದು ಬರೆಯಲು ಕೂತ ಮೇಲೆ.

ನಿಮ್ಮ ಪಾತ್ರಕ್ಕೂ ಒಂದು ಬೆಳಗು ಬರೆಯಿರಿ. ಅದರಲ್ಲಿ ಕೆಟ್ಟದ್ದು ಏನೂ ನಡೆಯಬಾರದು. ಸುಧಾಕರ ಬೆಳಕು ಹರಿಯುವ ಮೊದಲು ಎದ್ದು ಹೆಂಡತಿಯ ಜೊತೆ ಹಿತ್ತಿಲಿನ ಮಲ್ಲಿಗೆ ಮೊಗ್ಗು ಕೊಯ್ಯುತ್ತಾನೆ, ಬಿಸಿಲು ಬಿದ್ದರೆ ಅರಳಿಬಿಡುತ್ತದೆಂದು. ಸ್ಕೂಟರಿನ ಸೀಟನ್ನು ಒದ್ದೆಬಟ್ಟೆಯಲ್ಲಿ ಒರೆಸುತ್ತಾನೆ. ರಾತ್ರಿ ನೋಟುಗಳನ್ನು ಜೋಡಿಸುವಾಗ ಎಲ್ಲ ಗಾಂಧಿ ಮುಖಗಳೂ ಒಂದೇ ಕಡೆ ಬರುವಂತೆ ತಿರುಗಿಸಿಡುತ್ತಾನೆ. ಮೀನಿನ ನೀರು ತಾಗಿದ ನೋಟನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಒಣಗಿಸುತ್ತಾನೆ. ತನ್ನದಲ್ಲದ ಹಣವನ್ನು ಅಷ್ಟು ಜೋಪಾನ ಮಾಡುವವನು ಅದನ್ನೇ ನುಂಗುತ್ತಾನೆ. ಈ ಎರಡನ್ನೂ ಓದುಗನ ಎದುರು ಇಟ್ಟು ಸುಮ್ಮನಿರಿ, 'ವಿಪರ್ಯಾಸವೆಂದರೆ' ಎಂದು ನೀವು ಬಾಯಿ ಹಾಕಬೇಡಿ.

ಆರು: ಅವನು ದಾಟದ ಗೆರೆ

ಜೈನ ಪರಂಪರೆಯ ರಾವಣನಿಗೆ ಒಂದು ವ್ರತ ಇದೆ: ತನ್ನನ್ನು ಒಪ್ಪದ ಹೆಣ್ಣನ್ನು ಮುಟ್ಟುವುದಿಲ್ಲ. ಸೀತೆಯನ್ನು ಕದ್ದು ತಂದ ಮೇಲೂ ಆ ವ್ರತ ನಿಲ್ಲುತ್ತದೆ. ಹೀಗಾಗಿ ಅವನ ಕತೆ ಬಲಾತ್ಕಾರದ ಕತೆಯಾಗದೆ, ಕಾಯುತ್ತಾ ಕಾಯುತ್ತಾ ಕುಸಿಯುವವನ ಕತೆಯಾಗುತ್ತದೆ.

ಸುಧಾಕರ ಒಂದು ಕಾರ್ಡನ್ನು ಮಾತ್ರ ಮುಟ್ಟುವುದಿಲ್ಲ. ಬಂದರಿನಲ್ಲಿ ಐಸ್ ಹೊರುವ ಹುಡುಗನೊಬ್ಬ ದಿನಕ್ಕೆ 20 ರೂಪಾಯಿ ಕೊಡುತ್ತಾನೆ, ಅದು ಸಂಜೆಯೊಳಗೆ ಸೊಸೈಟಿಗೆ ಹೋಗಲೇಬೇಕು. ಈ ಗೆರೆ ಅವನ ಒಳ್ಳೆಯತನ ಎಂದು ಓದುಗ ತಿಳಿಯಲಿ. ನಿಮಗೆ ಮಾತ್ರ ಗೊತ್ತಿರಬೇಕು, ಇದು ಒಳ್ಳೆಯತನವೂ ಹೌದು, ಉಳಿದ ಅರವತ್ತು ಕಾರ್ಡುಗಳಿಗೆ ಅವನು ಕೊಡುವ ಲಂಚವೂ ಹೌದು. ಮೇ ಕೊನೆಯ ವಾರ ಅವನು ಆ 20 ರೂಪಾಯಿಯನ್ನೂ ಜೇಬಿಗೆ ಹಾಕುವ ದೃಶ್ಯಕ್ಕೆ ನಾನು ನಾಲ್ಕು ಸಾಲಿಗಿಂತ ಹೆಚ್ಚು ಕೊಡಲಿಲ್ಲ. ಮೊತ್ತ ಸಣ್ಣದು, ಕುಸಿತ ದೊಡ್ಡದು.

ಏಳು: ಅರ್ಥ ಹೇಳಿಸಿ

ಈಗ ಅಜ್ಜರ ಪ್ರಶ್ನೆಗೆ ಉತ್ತರ ಕೊಡುವ ಹೊತ್ತು. ವಾಲ್ಮೀಕಿಯಲ್ಲಿ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುವುದನ್ನು ನೆನಪಿಸಿಕೊಳ್ಳಿ. ನಿನಗೆ ನಾನೇನು ಮಾಡಿದ್ದೆ? ಇನ್ನೊಬ್ಬನೊಡನೆ ಹೋರಾಡುವವನನ್ನು ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಸೀತೆ ಬೇಕಿದ್ದರೆ ಮೊದಲೇ ನನ್ನನ್ನು ಕೇಳಿದ್ದರೆ ಒಂದೇ ದಿನದಲ್ಲಿ ತಂದು ಒಪ್ಪಿಸುತ್ತಿದ್ದೆನಲ್ಲ? ರಾಮನಿಗೂ ಉತ್ತರ ಇದೆ: ತಮ್ಮನ ಹೆಂಡತಿ ರುಮೆಯನ್ನು ನೀನು ಇಟ್ಟುಕೊಂಡೆ. ಈ ಒಂದು ಮಾತಿನ ಭಾರ ತೂಗಲು ವಾಲಿಯ ಅರ್ಥಧಾರಿ ಎಷ್ಟು ಬೆವರಿಳಿಸುತ್ತಾನೆ ಎಂಬುದನ್ನು ಮಳೆಗಾಲದಲ್ಲಿ ಯಾವುದಾದರೂ ಕೂಟಕ್ಕೆ ಹೋಗಿ ಕೇಳಿ. ಬರವಣಿಗೆಯ ಪಾಠ ಹತ್ತು ಕಮ್ಮಟದಲ್ಲಿ ಸಿಗದಷ್ಟು ಅಲ್ಲಿ ಸಿಗುತ್ತದೆ.

ಅಭ್ಯಾಸ ಹೀಗೆ. ಕತೆಯಲ್ಲಿ ಬಳಸುವುದಕ್ಕಲ್ಲ, ನಿಮಗಾಗಿ, ಖಳ ತಾನು ನೋಯಿಸಿದವರ ಎದುರು ಕುಳಿತು ಮಾತಾಡುವ ಎರಡು ಪುಟ ಬರೆಯಿರಿ. ನಿಯಮ ಎರಡೇ. ಅವನು ಸುಳ್ಳು ಹೇಳಬಾರದು, ಕ್ಷಮೆ ಕೇಳಬಾರದು. ಅದನ್ನು ಗೆಳೆಯರೊಬ್ಬರ ಕೈಗೆ ಕೊಟ್ಟು ಖಂಡಿಸಲು ಹೇಳಿ. ಕುಳಿತಲ್ಲೇ ಖಂಡಿಸಿಬಿಟ್ಟರೆ ನಿಮ್ಮ ಅರ್ಥ ಸಡಿಲ, ಮತ್ತೆ ಬರೆಯಿರಿ. ಸ್ವಲ್ಪ ತಡವರಿಸಿ 'ಆದರೂ...' ಅಂದರೆ ಸಾಕು, ನೀವು ಜಾಗಕ್ಕೆ ಬಂದಿದ್ದೀರಿ. ಆ 'ಆದರೂ' ಬರದೇ ಇದ್ದರೆ ಅದು ಇನ್ನೂ ಕೆಟ್ಟದು, ಆಗ ನೀವು ಪಾತ್ರಕ್ಕೆ ಮರುಳಾಗಿದ್ದೀರಿ.

ಭಾಷೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗುಲಾಬಿಯಕ್ಕ, ಸುಧಾಕರ ನಿಜದಲ್ಲಿ ತುಳುವಿನಲ್ಲಿ ಮಾತಾಡುವವರು. ಕನ್ನಡದಲ್ಲಿ ಬರೆಯುವಾಗ ಕೆಟ್ಟವನಿಗೆ ಮಾತ್ರ ಒರಟು ಆಡುಮಾತು ಕೊಟ್ಟು ಒಳ್ಳೆಯವರಿಗೆ ಪುಸ್ತಕದ ಕನ್ನಡ ಕೊಡುವ ಚಾಳಿ ನಮ್ಮಲ್ಲಿ ಉಂಟು. ಬಿಟ್ಟುಬಿಡಿ. ಹಾಗೆಯೇ ಖಳನ ಜಾತಿ, ಮತ ಹೆಸರಿನಿಂದಲೇ ಗೊತ್ತಾಗಿ ಅದೇ ಅವನ ಕೆಡುಕಿನ ವಿವರಣೆಯಾಗುವಂತಿದ್ದರೆ, ನೀವು ಪಾತ್ರ ಕಟ್ಟಿಲ್ಲ, ಊರ ಜಗಳಕ್ಕೆ ಕಟ್ಟಿಗೆ ಹಾಕಿದ್ದೀರಿ.

ಎಂಟು: ನೊಂದವರ ಲೆಕ್ಕ ಬೇರೆ ಪುಸ್ತಕದಲ್ಲಿರಲಿ

ಸಂಕೀರ್ಣ ಖಳನನ್ನು ಬರೆಯುವವರು ಎಡವುವುದು ಇಲ್ಲಿ. ಅವನ ಒಳಗನ್ನು ಬಗೆದು ಬಗೆದು, ನೊಂದವರು ಅವನ ಪಶ್ಚಾತ್ತಾಪಕ್ಕೆ ಬೇಕಾದ ಸಾಮಾನಿನ ಹಾಗೆ ಮೂಲೆ ಸೇರುತ್ತಾರೆ. ಗುಲಾಬಿಯಕ್ಕನಿಗೂ ಒಂದು ಬೆಳಗು ಬರೆಯಿರಿ, ಅವನ ಬೆಳಗಿಗಿಂತ ಒಂದು ಸಾಲಾದರೂ ಉದ್ದ. ಏಲಂನಲ್ಲಿ ಬಂಗುಡೆಯ ಬುಟ್ಟಿ ಹಿಡಿಯಲು ಅವಳು ಯಾರ ಜೊತೆ ಜಗಳ ಮಾಡಿದಳು, ಆ ನೂರು ರೂಪಾಯಿ ಸೆರಗಿನ ಯಾವ ಗಂಟಿನಲ್ಲಿತ್ತು, ಯಾವ ದಿನ ಚಹಾ ಬಿಟ್ಟು ಅದನ್ನು ಉಳಿಸಿದಳು. ಅವಳೂ ದೇವತೆಯಾಗಬೇಕಾಗಿಲ್ಲ. ಗಿರಾಕಿಗೆ ನಿನ್ನೆಯ ಮೀನನ್ನು ಇವತ್ತಿನದೆಂದು ಕೊಟ್ಟವಳೇ ಆಗಿರಲಿ.

ದೊಡ್ಡ ಕವಿಗಳು ಇದನ್ನು ಖಳನಿಂದಲೇ ಮಾಡಿಸಿದ್ದಾರೆ. ರನ್ನನ ದುರ್ಯೋಧನ ರಣರಂಗದ ಹೆಣಗಳ ನಡುವೆ ನಡೆಯುತ್ತಾ ಅಭಿಮನ್ಯುವಿನ ಎದುರು ನಿಲ್ಲುತ್ತಾನೆ. ತನ್ನ ಕಡೆಯವರೇ ಮುತ್ತಿ ಕೊಂದ ಶತ್ರುವಿನ ಮಗನಿಗೆ ಕೈಮುಗಿದು, ನಿನ್ನ ಸಾಹಸದ ಒಂದಂಶದಷ್ಟಾದರೂ ಇರುವ ಸಾವು ನನಗೂ ಬರಲಿ ಎಂದು ಬೇಡುತ್ತಾನೆ. ಅಲ್ಲಿ ಅವನ ಪಾಪ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಒಂಬತ್ತು: ಗಡಿಯಾರ ಊರಿನದ್ದೇ ಇರಲಿ

ಕೆಡುಕು ಬಯಲಾಗಲು ಪತ್ತೇದಾರ ಬೇಕಾಗಿಲ್ಲ. ಊರಿನ ನಡೆಯಲ್ಲೇ ಒಂದು ಗಡುವು ಇರುತ್ತದೆ, ಹುಡುಕಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಂದರು ಸ್ತಬ್ಧ, ಬುಟ್ಟಿ ಖಾಲಿ. ಪಿಗ್ಮಿ ಒಡೆಯುವುದೂ ಆಗಲೇ. ವರ್ಷವಿಡೀ ಒಬ್ಬಳು ಕೇಳಿದಾಗ ಇನ್ನೊಬ್ಬಳ ಹಣದಲ್ಲಿ ಮುಚ್ಚುತ್ತಾ ಬಂದ ಸುಧಾಕರನ ಎದುರು ಜೂನ್ ಮೊದಲ ವಾರ ಎಲ್ಲರೂ ಒಟ್ಟಿಗೆ ಬರುತ್ತಾರೆ. ಆಗಸ್ಟಿನಿಂದ ಮೇವರೆಗೆ ಸುಮಾರು 300 ದಿನ, ದಿನಕ್ಕೆ ನೂರು: ಗುಲಾಬಿಯಕ್ಕನದೇ 30,000. ಪಾತ್ರ ಕಟ್ಟುವಾಗಲೇ ಈ ಲೆಕ್ಕ ಹಾಕಿಟ್ಟಿದ್ದರಿಂದ ಕತೆಯ ಕೊನೆಯನ್ನು ನಾನು ಹುಡುಕಬೇಕಾಗಲಿಲ್ಲ, ಮಳೆ ತಂದಿತು.

ಕೊನೆಯ ದೃಶ್ಯ ಮಾತ್ರ ಬಹಳ ಕಾಡಿಸಿತು. ಜಡಿಮಳೆ. ಗುಲಾಬಿಯಕ್ಕ ಅವನ ಮನೆಯ ಜಗಲಿಯಲ್ಲಿ ಕೂತಿದ್ದಾಳೆ. ಕಾರ್ಡನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಮಕ್ಕಳಿಗೆಂದು ತಂದ ಒಣಮೀನಿನ ಕಟ್ಟನ್ನು ಅವನ ಹೆಂಡತಿ ಒಳಗೆ ಒಯ್ದಿದ್ದಾಳೆ, ಅದರ ವಾಸನೆ ಕೋಣೆಯವರೆಗೆ ಬರುತ್ತಿದೆ. ಸುಧಾಕರ ಬಾಗಿಲಿನ ಪರದೆಯ ಹಿಂದೆ ನಿಂತಿದ್ದಾನೆ. ಹೊರಗೆ ಬಂದು ಅವನು ಹೇಳುವ ಮೊದಲ ಮಾತು ಏನು? ಏಳು ಸಲ ಬರೆದೆ. ಒಂದರಲ್ಲಿ ಅತ್ತ, ಇನ್ನೊಂದರಲ್ಲಿ ಸೊಸೈಟಿಯನ್ನು ಬೈದ, ಮತ್ತೊಂದರಲ್ಲಿ ಹಿಂಬಾಗಿಲಿನಿಂದ ಓಡಿಯೇ ಹೋದ. ಏಳನೆಯದನ್ನು ಅಜ್ಜರಿಗೆ ಓದಿ ಹೇಳಿದಾಗ ಅವರು ಅಗಿಯುತ್ತಿದ್ದ ಎಲೆಯನ್ನು ಅಲ್ಲಿಗೇ ನಿಲ್ಲಿಸಿದರು. ಅದರಲ್ಲಿ ಅವನು ಪರದೆ ಸರಿಸಿ, ಅವಳ ಮುಖ ನೋಡಿ, ದಿನಾ ಕೇಳುವ ಹಾಗೆಯೇ ಕೇಳುತ್ತಾನೆ:

"ಗುಲಾಬಿಯಕ್ಕ, ಊಟ ಆಯ್ತಾ?"